ಎಣ್ಣೆ ಜಿಡ್ಡಿನ ನೀರಿಗೆ ಸೂಕ್ಷ್ಮಜೀವಿ ಇಂಧನಕೋಶವನ್ನು ಒಗ್ಗಿಸುವ ಬಗೆ

ಕೊಳಕು ನೀರಿನಲ್ಲಿರುವ ಆಹಾರವನ್ನು ಬ್ಯಾಕ್ಟೀರಿಯಾಗಳು ತಿಂದು ಹೊರಬಿಡುವ ಎಲೆಕ್ಟ್ರಾನುಗಳಿಂದ ವಿದ್ಯುತ್ ಪಡೆಯುವ ಸಾಧನವೇ ಸೂಕ್ಷ್ಮಜೀವಿ ಇಂಧನಕೋಶ. ಹೋಟೆಲಿನ ಪಾತ್ರೆ ತೊಳೆದ ನೀರನ್ನು ರಾತ್ರಿಯಿಡೀ ಬಕೆಟ್ಟಿನಲ್ಲಿ ಅಲುಗಾಡಿಸದೆ ಬಿಟ್ಟರೆ, ಬೆಳಗಾಗುವಷ್ಟರಲ್ಲಿ ಜಿಡ್ಡು ಕೆನೆಯಂತೆ ಮೇಲೆ ಕಟ್ಟಿರುತ್ತದೆ. ಅದನ್ನು ಸೌಟಿನಿಂದ ತೆಗೆದುಹಾಕಿ, ಕೆಳಗಿನ ಮಬ್ಬು ನೀರನ್ನಷ್ಟೇ ಬಳಸಬೇಕು. ತೇಲುವ ಜಿಡ್ಡು ಆನೋಡಿಗೆ, ಅಂದರೆ ಬ್ಯಾಕ್ಟೀರಿಯಾಗಳು ಎಲೆಕ್ಟ್ರಾನುಗಳನ್ನು ಒಪ್ಪಿಸುವ ವಿದ್ಯುದ್ವಾರಕ್ಕೆ, ಮೆತ್ತಿಕೊಂಡರೆ ಬ್ಯಾಕ್ಟೀರಿಯಾಗಳಿಗೆ ಆಹಾರ ತಲುಪುವುದಿಲ್ಲ.

ಒಂದೊಂದು ಲೀಟರಿನ ಎರಡು ಡಬ್ಬಿಗಳ ನಡುವೆ ಪ್ರೋಟಾನುಗಳನ್ನು ದಾಟಿಸುವ ಪೊರೆಯನ್ನು ಕೂರಿಸಿ, ಎರಡರಲ್ಲೂ ವಿದ್ಯುದ್ವಾರಗಳಾಗಿ ಕಾರ್ಬನ್ ಫೆಲ್ಟಿನ (ಇಂಗಾಲದ ಎಳೆಗಳ ಬಟ್ಟೆ) ತುಂಡುಗಳನ್ನು ಇಳಿಬಿಡಿ. ಒಂದು ಆನೋಡ್, ಎಲೆಕ್ಟ್ರಾನುಗಳು ತಂತಿಯ ಮೂಲಕ ತಲುಪುವ ಇನ್ನೊಂದು ಕ್ಯಾಥೋಡ್. ಆನೋಡಿನ ಡಬ್ಬಿಗೆ ಗಾಳಿಯಾಡದಂತೆ ಮುಚ್ಚಳ ಬಿಗಿಯಬೇಕು. ಕ್ಯಾಥೋಡಿನ ಡಬ್ಬಿಗೆ ಮೀನಿನ ತೊಟ್ಟಿಯ ಪಂಪಿನಿಂದ ಗಾಳಿ ಊದಬೇಕು. ಎರಡೂ ಫೆಲ್ಟುಗಳನ್ನು 1000 ಓಮ್ ರೆಸಿಸ್ಟರಿನ ಮೂಲಕ ತಂತಿಯಿಂದ ಜೋಡಿಸಿ. ನೀರಿನೊಳಗೆ ತಾಮ್ರದ ತಂತಿ ಬೇಡ, ಏಕೆಂದರೆ ಕರಗುವ ತಾಮ್ರ ಬ್ಯಾಕ್ಟೀರಿಯಾಗಳಿಗೆ ವಿಷ. ಟೈಟಾನಿಯಂ ತಂತಿ ಉತ್ತಮ.

ಆನೋಡಿನ ಡಬ್ಬಿಗೆ ಬ್ಯಾಕ್ಟೀರಿಯಾಗಳ ಮೂಲವಾಗಿ ಕೆರೆಯ ತಳದ ಕಪ್ಪು ಕೆಸರು ಸಾಕು. 1987ರಲ್ಲಿ ಅಮೆರಿಕದ ಪೊಟೊಮ್ಯಾಕ್ ನದಿಯ ಕೆಸರಿನಿಂದ ಬೇರ್ಪಡಿಸಿದ ಜಿಯೋಬ್ಯಾಕ್ಟರ್ ಕುಲದ ಬ್ಯಾಕ್ಟೀರಿಯಾಗಳು ಎಲೆಕ್ಟ್ರಾನುಗಳನ್ನು ಜೀವಕೋಶದ ಹೊರಗೆ ದಾಟಿಸಬಲ್ಲವಾದರೂ ಎಣ್ಣೆಯನ್ನು ನೇರವಾಗಿ ತಿನ್ನುವುದಿಲ್ಲ. ಬೇರೆ ಜೀವಿಗಳು ಎಣ್ಣೆಯನ್ನು ಗ್ಲಿಸರಾಲ್ ಮತ್ತು ಕೊಬ್ಬಿನಾಮ್ಲಗಳಾಗಿ ಒಡೆದು, ಮುಂದೆ ಅಸಿಟೇಟಿನವರೆಗೆ (ವಿನೆಗರಿನ ಆಮ್ಲದ ಲವಣರೂಪ) ಇಳಿಸಿಕೊಟ್ಟ ಮೇಲೆಯೇ ಅವುಗಳ ಕೆಲಸ ಆರಂಭ. ಆದ್ದರಿಂದ ಪ್ರಯೋಗಾಲಯದ ಶುದ್ಧ ತಳಿಗಿಂತ ಈ ಕೆಲಸಕ್ಕೆ ಕೆಸರಿನ ಬೆರಕೆ ಸಂಸಾರವೇ ಮೇಲು.

ಅವಸರ ಮಾಡುವವರು ಸೋಲುವುದು ಮುಂದಿನ ಹಂತದಲ್ಲಿ. ಮೊದಲ ದಿನವೇ ಎಣ್ಣೆ ನೀರು ಸುರಿಯದೆ, ಆನೋಡಿನ ಡಬ್ಬಿಯ ನೀರಿಗೆ ಲೀಟರಿಗೆ 1 ಗ್ರಾಂ ಸೋಡಿಯಂ ಅಸಿಟೇಟ್ ಕರಗಿಸಿ, ಪಿಎಚ್ 7ರ ಆಸುಪಾಸಿನಲ್ಲಿ, ಸುಮಾರು 30 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಇರಿಸಿ. ರೆಸಿಸ್ಟರಿನ ಎರಡು ತುದಿಗಳ ನಡುವಿನ ವೋಲ್ಟೇಜು ದಿನಗಳೆದಂತೆ ಏರಿ, ಆಹಾರ ಮುಗಿದಾಗ ಇಳಿಯುತ್ತದೆ. ಆಗ ಮತ್ತೆ ಅಸಿಟೇಟ್ ಕೊಡಿ. ಸತತ ಮೂರು ಸಲ ಗರಿಷ್ಠ ವೋಲ್ಟೇಜು ಹೆಚ್ಚುಕಡಿಮೆ ಒಂದೇ ಆಗಿದ್ದರೆ ಆನೋಡಿನ ಮೇಲೆ ಜೀವಿಗಳ ಪದರ ನೆಲೆಯೂರಿದೆಯೆಂದು ತಿಳಿಯಬಹುದು. ಅನಂತರ ಹತ್ತರಲ್ಲಿ ಒಂದು ಪಾಲು ಜಿಡ್ಡಿನ ನೀರು ಬೆರೆಸಿ, ವೋಲ್ಟೇಜು ಚೇತರಿಸಿಕೊಂಡರೆ ಮಾತ್ರ ಪಾಲನ್ನು ಹೆಚ್ಚಿಸಿ. ಚೇತರಿಸದಿದ್ದರೆ ಮೊದಲು ಪಿಎಚ್ ನೋಡಿ, 6.5ಕ್ಕಿಂತ ಕೆಳಗಿಳಿದಿದ್ದರೆ ಚಿಟಿಕೆ ಅಡುಗೆ ಸೋಡಾ ಹಾಕಿ. ಪಿಎಚ್ ಸರಿಯಿದ್ದರೆ ಕೊಬ್ಬಿನಾಮ್ಲದ ಹೊರೆ ಹೆಚ್ಚಾಗಿರುವ ಸಂಭವವಿದೆ. ಅಸಿಟೇಟಿಗೆ ಹಿಂದಿರುಗುವುದೇ ಮದ್ದು.

ಮಲ್ಟಿಮೀಟರು 0.4 ವೋಲ್ಟ್ ತೋರಿಸಿದರೆ ಸಿಗುವ ಶಕ್ತಿ 0.16 ಮಿಲಿವಾಟ್ ಮಾತ್ರ, ಅಂದರೆ ಒಂದು ಎಲ್‌ಇಡಿಯೂ ನೇರವಾಗಿ ಬೆಳಗದು. ನನ್ನ ದೃಷ್ಟಿಯಲ್ಲಿ ಈ ಕೋಶದ ನಿಜವಾದ ಪರೀಕ್ಷೆ ನೀರು ಎಷ್ಟು ಶುದ್ಧವಾಯಿತು ಎಂಬುದು. ಅದಕ್ಕಾಗಿ ತಂತಿ ಜೋಡಿಸದ ಇನ್ನೊಂದು ಕೋಶವನ್ನೂ ಪಕ್ಕದಲ್ಲಿಟ್ಟು, ಎರಡರಲ್ಲೂ ಮೊದಲ ಮತ್ತು ಕೊನೆಯ ದಿನದ ಸಿಒಡಿಯನ್ನು (ನೀರಿನ ಕೊಳೆಯನ್ನು ರಾಸಾಯನಿಕವಾಗಿ ಉತ್ಕರ್ಷಿಸಲು ಬೇಕಾಗುವ ಆಮ್ಲಜನಕದ ಪ್ರಮಾಣ) ಪ್ರಯೋಗಾಲಯದಲ್ಲಿ ಅಳೆಸಿ ಹೋಲಿಸಬೇಕು.