ತಾಂಬೂಲದ ಬಾಳೆಹಣ್ಣು ಕಪ್ಪಾಯ್ತಾ? ಚಾಕಲೇಟ್ ಮಫಿನ್ ಮಾಡಿ

ವರಮಹಾಲಕ್ಷ್ಮಿ ಹಬ್ಬ ಮುಗಿದು ನಾಲ್ಕು ದಿನಕ್ಕೆ ನಮ್ಮನೆ ಅಡುಗೆಮನೆ ಕಟ್ಟೆ ಮೇಲೆ ಹದಿನಾಲ್ಕೋ ಹದಿನೈದೋ ಬಾಳೆಹಣ್ಣು ಬಿದ್ದಿರತ್ತೆ, ಎಲ್ಲ ಅರಿಶಿನ ಕುಂಕುಮಕ್ಕೆ ಹೋದ ಕಡೆ ತಾಂಬೂಲದಲ್ಲಿ ಬಂದಿದ್ದು, ಒಂದೊಂದಾಗಿ ಕಪ್ಪಾಗ್ತಾ ಸುತ್ತ ಸಣ್ಣ ನೊಣ ಬೇರೆ. ರಸಾಯನ ಒಂದಿನ ಆಯ್ತು, ನಮ್ಮತ್ತೆ ಮಂಗಳೂರು ಬನ್ಸ್‌ಗೆ ಅಂತ ನಾಲ್ಕು ಎತ್ತಿಟ್ಕೊಂಡ್ರು, ಉಳಿದಿದ್ದು ಯಾರಿಗೂ ಬೇಡ. ಮಫಿನ್‌ಗೆ ಬೇಕಾಗಿರೋದು ಆ ಯಾರಿಗೂ ಬೇಡದ ಹಣ್ಣೇ.

ಇದನ್ನ ಮೊದ್ಲೇ ಹೇಳಿಬಿಡ್ತೀನಿ ಯಾಕಂದ್ರೆ ಮಫಿನ್ ಸಪ್ಪೆ ಬಂತು ಅನ್ನೋರೆಲ್ಲ ಅಂಗಡಿಯಿಂದ ತಂದ ದಿನವೇ ಹಳದಿ ಹಣ್ಣು ಹಾಕಿರ್ತಾರೆ. ಬಾಳೆಹಣ್ಣು ಮಾಗ್ತಾ ಮಾಗ್ತಾ ಒಳಗಿರೋ ಪಿಷ್ಟ ಸಕ್ಕರೆ ಆಗತ್ತೆ, ಪರಿಮಳನೂ ಆಗಲೇ ಬರೋದು. ಸಿಪ್ಪೆ ಮೇಲೆ ಚುಕ್ಕಿ ಬಂದ್ರೆ ಸಾಲದು, ಅರ್ಧಕ್ಕಿಂತ ಜಾಸ್ತಿ ಕಪ್ಪಾಗಿರ್ಬೇಕು, ಫೋರ್ಕ್ ಒತ್ತಿದ್ರೆ ತಾನೇ ಕುಸೀಬೇಕು. ಆದ್ರೆ ಹುಳಿ ಹೆಂಡದ ವಾಸನೆ ಬಂದು ನೀರು ಬಿಡ್ತಿದ್ರೆ ಅದು ಕೆಟ್ಟಿದೆ ಅಂತ, ಗಿಡದ ಬುಡಕ್ಕೆ ಹಾಕಿ.

ಯಾವ ಬಾಳೆ ಅಂದ್ರೆ, ಪಚ್ಚಬಾಳೆ ಬೆಸ್ಟ್. ನೀರಿನಂಶ ಜಾಸ್ತಿ, ಚೆನ್ನಾಗಿ ಕರಗತ್ತೆ, ಮೂರು ಹಣ್ಣು ಸಿಪ್ಪೆ ತೆಗೆದ್ರೆ ಸುಮಾರು 300 ಗ್ರಾಂ ಬರತ್ತೆ. ತಾಂಬೂಲದಲ್ಲಿ ಬರೋದು ಸಾಮಾನ್ಯವಾಗಿ ಏಲಕ್ಕಿ ಬಾಳೆ, ಅದು ಆರೇಳು ಬೇಕಾಗತ್ತೆ, ಸ್ವಲ್ಪ ಗಟ್ಟಿ ಇರೋದ್ರಿಂದ ಎರಡು ಚಮಚ ಹಾಲು ಸೇರಿಸ್ಕೊಳ್ಳಿ. ನೇಂದ್ರ ಬೇಡ. ನಂಜನಗೂಡು ರಸಬಾಳೆ ಯಾರಾದ್ರೂ ಕೊಟ್ರೆ ದಯವಿಟ್ಟು ಮಫಿನ್‌ಗೆ ಹಾಕ್ಬೇಡಿ, ಕೂತ್ಕೊಂಡು ಹಾಗೇ ತಿನ್ನಿ.

ಅಳತೆ ಹೇಳ್ತೀನಿ, ಹನ್ನೆರಡು ಮಫಿನ್ ಆಗತ್ತೆ. ಮೈದಾ ಒಂದೂವರೆ ಕಪ್, ಅಂದ್ರೆ 190 ಗ್ರಾಂ. ಕೋಕೋ ಪೌಡರ್ 30 ಗ್ರಾಂ, ಒಂದು ಟೀ ಚಮಚ ಅಡುಗೆ ಸೋಡಾ, ಅರ್ಧ ಟೀ ಚಮಚ ಬೇಕಿಂಗ್ ಪೌಡರ್, ಕಾಲು ಚಮಚ ಉಪ್ಪು. ಇವಿಷ್ಟು ಒಂದು ಪಾತ್ರೆಗೆ ಜರಡಿ ಹಿಡೀರಿ, ಕೋಕೋ ಗಂಟು ಆಮೇಲೆ ಒಡಿಯಲ್ಲ. ಇನ್ನೊಂದು ಪಾತ್ರೇಲಿ 300 ಗ್ರಾಂ ಬಾಳೆಹಣ್ಣು ಕಿವುಚಿ, ಅದಕ್ಕೆ 110 ಗ್ರಾಂ ಸಕ್ಕರೆ, 80 ಎಂಎಲ್ ವಾಸನೆ ಇಲ್ಲದ ಎಣ್ಣೆ (ಸನ್‌ಫ್ಲವರ್ ಸಾಕು, ಕಡ್ಲೆಕಾಯಿ ಎಣ್ಣೆ ಬೇಡ), ಕಾಲು ಕಪ್ ಮೊಸರು, ಒಂದು ಚಮಚ ವೆನಿಲ್ಲಾ. ಮೊಟ್ಟೆ ತಿನ್ನೋರು ಮೊಸರಿನ ಬದ್ಲು ಒಂದು ಮೊಟ್ಟೆ ಹಾಕಿ, ಇನ್ನೂ ಹಗುರ ಬರತ್ತೆ. ಚಾಕಲೇಟ್ 100 ಗ್ರಾಂ, ಚಿಪ್ಸ್ ಆದ್ರೂ ಆಯ್ತು, ಡಾರ್ಕ್ ಚಾಕಲೇಟ್ ಬಾರ್ ತಂದು ಚಾಕುವಲ್ಲಿ ಕೊಚ್ಚಿದ್ರೆ ಇನ್ನೂ ಒಳ್ಳೇದು. ಪ್ಯಾಕೆಟ್ ಮೇಲೆ ಕಾಂಪೌಂಡ್ ಅಂತಿದ್ರೆ ಅದ್ರಲ್ಲಿ ಕೋಕೋ ಬೆಣ್ಣೆ ಬದ್ಲು ವನಸ್ಪತಿ ಥರದ ಕೊಬ್ಬು ಇರತ್ತೆ, ಆಗತ್ತೆ, ಆದ್ರೆ ನಾಲಿಗೆ ಮೇಲೆ ಮೇಣದ ಥರ ಉಳಿಯತ್ತೆ.

ಸೋಡಾ ಬಗ್ಗೆ ಒಂದ್ಮಾತು. ಸೋಡಾ ಉಬ್ಬಬೇಕಂದ್ರೆ ಹುಳಿ ಬೇಕು, ಮೊಸರು ಅದಕ್ಕೇ. ಸಾದಾ ಕೋಕೋನೂ ಸ್ವಲ್ಪ ಹುಳಿಯೇ. ಆದ್ರೆ ಕೆಲವು ಕೋಕೋ ಡಬ್ಬಿ ಹಿಂದೆ ಐಎನ್‌ಎಸ್ 500 ಅಥವಾ 501 ಅಂತ ಬರೆದಿರ್ತಾರೆ, ಅಂದ್ರೆ ಕ್ಷಾರ ಹಾಕಿ ಹುಳಿ ತೆಗೆದಿರೋದು, ಬಣ್ಣ ಕಪ್ಪಗೆ ಚೆನ್ನಾಗಿರತ್ತೆ, ಸೋಡಾಗೆ ಸಪೋರ್ಟ್ ಕೊಡಲ್ಲ. ಅಂಥ ಕೋಕೋ ಆದ್ರೆ ಸೋಡಾ ಅರ್ಧ ಚಮಚಕ್ಕೆ ಇಳಿಸಿ, ಬೇಕಿಂಗ್ ಪೌಡರ್ ಒಂದೂವರೆ ಚಮಚ ಮಾಡಿ. ಇಲ್ಲಾಂದ್ರೆ ಸೋಪು ನೆಕ್ಕಿದ ಹಾಗೆ ಇರತ್ತೆ.

ಓವನ್ನು ಈಗ್ಲೇ ಹಚ್ಚಿಬಿಡಿ, 180 ಡಿಗ್ರಿ, ಮೇಲೆ ಕೆಳಗೆ ಎರಡೂ ರಾಡ್ ಆನ್, ಕನಿಷ್ಠ ಹದಿನೈದು ನಿಮಿಷ. ಓಟಿಜಿ (ಮನೇಲಿಡೋ ಪುಟ್ಟ ಕರೆಂಟ್ ಓವನ್) ಲೈಟ್ ಆಫ್ ಆದ ತಕ್ಷಣ ಬಿಸಿ ಆಯ್ತು ಅಂತ ನಂಬ್ಬೇಡಿ.

ಈಗ ಮಿಕ್ಸ್ ಮಾಡೋದು, ಎಲ್ಲರೂ ಎಡವೋ ಜಾಗ ಇದೇ. ನಾನು ಮೊದಲ್ನೇ ಸಲ ಜಾಣತನ ಮಾಡಿ ಎಲ್ಲಾನೂ ಮಿಕ್ಸಿ ಜಾರ್‌ಗೆ ಹಾಕಿ ಚಟ್ನಿ ಥರ ರುಬ್ಬಿದ್ದೆ, ಹಿಟ್ಟು ಎಷ್ಟು ನುಣ್ಣಗೆ ಬಂದಿತ್ತಂದ್ರೆ ನಂಗೇ ಖುಷಿ, ಬೆಂದ ಮೇಲೆ ನೋಡಿದ್ರೆ ಚಪ್ಪಲಿ ಸೋಲ್. ನಮ್ಮನೆಯವ್ರು ಒಂದು ತುಂಡು ಬಾಯಿಗೆ ಹಾಕ್ಕೊಂಡು ತುಂಬಾ ಹೊತ್ತು ಏನೂ ಮಾತಾಡ್ಲಿಲ್ಲ, ಅಗೀತಾನೇ ಇದ್ರು. ಮೈದಾಗೆ ನೀರು ಸೇರಿಸಿ ಜಾಸ್ತಿ ಕಲಸಿದಷ್ಟೂ ನಾರು ನಾರಾಗಿ ಎಳೆ ಕಟ್ಟತ್ತೆ, ಪರೋಟಾಗೆ ಅದು ಬೇಕು, ಮಫಿನ್‌ಗೆ ಬೇಡ. ಹಾಗಾಗಿ ಒದ್ದೆ ಮಿಶ್ರಣಾನ ಹಿಟ್ಟಿಗೆ ಒಂದೇ ಸಲ ಸುರಿದು, ಸೌಟಲ್ಲಿ ತಳದಿಂದ ಮೇಲಕ್ಕೆ ಮಗುಚಿ, ಹತ್ತು ಹನ್ನೆರಡು ಸಲ ಅಷ್ಟೇ, ಅಲ್ಲಲ್ಲಿ ಒಂದೊಂದು ಒಣ ಹಿಟ್ಟಿನ ಗೆರೆ ಕಾಣ್ತಿರುವಾಗ್ಲೇ ಚಾಕಲೇಟ್ ಹಾಕಿ ಇನ್ನೆರಡು ಸಲ ಮಗುಚಿ ಕೈ ಬಿಡಿ. ನೋಡಕ್ಕೆ ಒರಟಾಗಿ, ಗಂಟುಗಂಟಾಗಿ, ಇಡ್ಲಿ ಹಿಟ್ಟಿಗಿಂತ ಸ್ವಲ್ಪ ಗಟ್ಟಿ ಇರತ್ತೆ, ಸೌಟಿಂದ ದೊಪ್ಪಂತ ಬೀಳ್ಬೇಕು. ಸರಿಮಾಡೋಣ ಅಂತ ಕೈ ತುರಿಸತ್ತೆ, ಮಾಡ್ಬೇಡಿ. ಕಲಸಿಟ್ಟು ಫೋನಲ್ಲಿ ಮಾತಾಡ್ತಾ ಕೂರೋದೂ ಬೇಡ, ಸೋಡಾ ಗಾಳಿ ಹೋಗಿಬಿಡತ್ತೆ.

ಗೋಧಿ ಹಿಟ್ಟಲ್ಲಿ ಮಾಡ್ಬಹುದಾ ಅಂದ್ರೆ ಮಾಡ್ಬಹುದು, ಅರ್ಧ ಮೈದಾ ಅರ್ಧ ಗೋಧಿ ಹಾಕಿ. ಪೂರ್ತಿ ಗೋಧಿ ಆದ್ರೆ ಭಾರ ಬರತ್ತೆ, ನಂಗಿಷ್ಟ ಇಲ್ಲ.

ಮಫಿನ್ ಟ್ರೇ ಇದ್ರೆ ಪೇಪರ್ ಕಪ್ ಇಟ್ಟು ಮುಕ್ಕಾಲು ಭಾಗ ತುಂಬಿ. ಟ್ರೇ ಇಲ್ವಾ, ಸ್ಟೀಲಿನ ಪುಟ್ಟ ಬಟ್ಟಲಿಗೆ ಎಣ್ಣೆ ಸವರಿ ಮೈದಾ ಉದುರಿಸಿ ಸಾಕು. ಬರೀ ಪೇಪರ್ ಕಪ್ ಮಾತ್ರ ಇಡ್ಬೇಡಿ, ಹಿಟ್ಟಿನ ಭಾರಕ್ಕೆ ಅಗಲಾಗಿ ಒರಗಿಕೊಂಡು ಬನ್ನು ಥರ ಆಗತ್ತೆ. ಮೇಲೆ ನಾಲ್ಕು ಚಾಕಲೇಟ್ ಚೂರು ಒತ್ತಿ, ಮಧ್ಯದ ರ‍್ಯಾಕಲ್ಲಿಟ್ಟು 20ರಿಂದ 22 ನಿಮಿಷ. ಮೊದಲ ಹದಿನೈದು ನಿಮಿಷ ಬಾಗಿಲು ತೆಗೆದ್ರೆ ನಡು ಕುಸಿಯತ್ತೆ. ಆಮೇಲೆ ಕಡ್ಡಿ ಚುಚ್ಚಿ ನೋಡಿ, ಹಸಿ ಹಿಟ್ಟು ಅಂಟಿದ್ರೆ ಇನ್ನು ಮೂರು ನಿಮಿಷ, ಹೊಳೆಯೋ ಕಪ್ಪು ಅಂಟಿದ್ರೆ ಅದು ಕರಗಿದ ಚಾಕಲೇಟ್, ಬೇರೆ ಜಾಗದಲ್ಲಿ ಚುಚ್ಚಿ. ಕೋಕೋ ಹಾಕಿರೋದ್ರಿಂದ ಬಣ್ಣ ನೋಡಿ ಬೆಂದಿದೆಯಾ ಅಂತ ಹೇಳಕ್ಕಾಗಲ್ಲ, ಕಡ್ಡಿನೇ ಗತಿ.

ಓವನ್ ಇಲ್ಲದವ್ರು ಹಳೇ ದಪ್ಪ ತಳದ ಪಾತ್ರೆ ತಗೊಳ್ಳಿ, ತಳಕ್ಕೆ ಒಂದು ಸ್ಟ್ಯಾಂಡ್, ನೀರು ಹಾಕೋಹಾಗಿಲ್ಲ, ಬಿಗಿ ಮುಚ್ಚಳ ಮುಚ್ಚಿ ಮಧ್ಯಮ ಉರೀಲಿ ಹತ್ತು ನಿಮಿಷ ಕಾಯಿಸಿ. ಬಟ್ಟಲು ಒಳಗಿಟ್ಟು ಉರಿ ಸಣ್ಣ ಮಾಡಿ 30 ನಿಮಿಷದ ಹತ್ರ ಬೇಯಿಸಿ. ಕುಕ್ಕರಲ್ಲೇ ಮಾಡ್ತೀನಿ ಅಂದ್ರೆ ಗ್ಯಾಸ್ಕೆಟ್ಟು, ವೆಯ್ಟು ಎರಡೂ ತೆಗೀರಿ, ಒಂದನ್ನೂ ಬಿಡ್ಬೇಡಿ. ಮೇಲ್ಭಾಗ ಓವನ್‌ನಲ್ಲಿ ಬಂದ ಹಾಗೆ ಬಿರಿಯಲ್ಲ, ರುಚಿ ಅದೇ.

ತೆಗೆದ ಮೇಲೆ ಐದು ನಿಮಿಷ ಬಿಟ್ಟು ಬಟ್ಟಲಿಂದ ಹೊರಗೆ ತೆಗೀರಿ, ಒಳಗೇ ಬಿಟ್ರೆ ಬೆವರಿ ತಳ ಒದ್ದೆ ಆಗತ್ತೆ. ಬಿಸಿಬಿಸಿ ತಿಂದ್ರೆ ಚಾಕಲೇಟ್ ಹರಿಯತ್ತೆ, ನಿಜ, ಆದ್ರೆ ಬಾಳೆಹಣ್ಣಿನ ಪರಿಮಳ ಮಾರನೇ ದಿನ ಜಾಸ್ತಿ, ನಾಲ್ಕು ಮುಚ್ಚಿಡಿ. ಡಬ್ಬೀಲಿ ಹೊರಗೆ ಎರಡು ದಿನ ಇರತ್ತೆ, ಶ್ರಾವಣದ ಮಳೆಗೆ ಮೂರನೇ ದಿನ ಬೂಸ್ಟು ಬರಬಹುದು, ಹಾಗಾಗಿ ಉಳಿದಿದ್ದನ್ನ ಫ್ರೀಜರ್‌ಗೆ ಹಾಕಿ.

ಮಾಡಕ್ಕೆ ಟೈಮಿಲ್ಲ, ಹಣ್ಣು ಮಾತ್ರ ಕಪ್ಪಾಗ್ತಿದೆ ಅಂದ್ರೆ ಹಣ್ಣನ್ನೂ ಫ್ರೀಜರಲ್ಲೇ ಇಡಿ, ಆದ್ರೆ ಸಿಪ್ಪೆ ಸುಲಿದು ಇಡಿ. ನಾನು ಸಿಪ್ಪೆ ಸಮೇತ ಇಟ್ಟು, ಬೆಳಿಗ್ಗೆ ಕಲ್ಲಿನಂಥ ಹಣ್ಣನ್ನ ಚಾಕುವಲ್ಲಿ ಹೆರೀತಾ ನಿಂತಿದ್ದಾಗ ನಮ್ಮತ್ತೆ, "ಏನಮ್ಮಾ, ಸೌತೆಕಾಯಿ ಹುಳಿನಾ ಇವತ್ತು?" ಅಂದ್ರು.