ಪರಸಿ ಹಿತ್ತಲಲ್ಲಿ ಬಕೇಟಿನ ಬದನೆಕಾಯಿ

ರಾಯಚೂರಿನ ನಮ್ಮ ಮನೆಯ ಹಿತ್ತಲು ಹನ್ನೆರಡು ಅಡಿಗೆ ಹತ್ತು ಅಡಿ. ಪೂರಾ ಪರಸಿ, ಅಂದ್ರೆ ಚಪ್ಪಟೆ ಹಾಸುಗಲ್ಲು ಹಾಸಿದ್ದಾರೆ. ಮಣ್ಣು ಕಾಣಬೇಕಂದ್ರೆ ತುಳಸಿ ಕಟ್ಟೆಯೊಳಗೆ ಇಣುಕಬೇಕು. ಬಾಡಿಗೆ ಮನೆ, ಪರಸಿ ಕೀಳೋಕೆ ಆಗಲ್ಲ. ಹಾಗಾಗಿ ತರಕಾರಿಗೆ ಬಕೇಟು. ಈಗ ಇಪ್ಪತ್ತೆರಡು ಇವೆ.

ಪೇಂಟಿನ 20 ಲೀಟರ್ ಬಕೇಟು ಸಾಕು. ಮನೆ ಕಟ್ಟುವ ಕಡೆ ಕೇಳಿದರೆ ಸಿಗುತ್ತೆ. ನೀರಲ್ಲಿ ಕಲಸುವ ಗೋಡೆ ಪೇಂಟಿನದನ್ನೇ ತನ್ನಿ, ಒಣಗಿದ ಪೇಂಟನ್ನು ಕೆರೆದು ತೊಳೆಯಿರಿ. ಹತ್ತಿಗೆ ಹೊಡೆಯುವ ಎಣ್ಣೆಯ, ಅಂದ್ರೆ ಕೀಟನಾಶಕದ ಕ್ಯಾನು ಮಾತ್ರ ಬೇಡವೇ ಬೇಡ, ಎಷ್ಟು ತೊಳೆದರೂ. ಬಣ್ಣ ಬಿಳಿ ಇದ್ದರೆ ಒಳ್ಳೇದು, ಕಪ್ಪು ಬಕೇಟು ಬಿಸಿಲು ಹೀರುತ್ತೆ.

ತೂತು ಹಾಕೋದ್ರಲ್ಲಿ ನಾನು ಮೊದಲು ಎಡವಿದೆ. ತಳಕ್ಕೆ ಮಾತ್ರ ಹಾಕಿದ್ದೆ. ಬಕೇಟು ಪರಸಿಗೆ ಅಂಟಿ ಕೂತು ನೀರು ಹೋಗಲೇ ಇಲ್ಲ, ಎರಡು ಬದನೆ ಗಿಡದ ಬೇರು ಕೊಳೆತವು. ಈಗ ತಳದಲ್ಲಿ ಐದು, ಪಕ್ಕದಲ್ಲಿ ತಳದಿಂದ ಒಂದು ಇಂಚು ಮೇಲೆ ಮೂರು ತೂತು. ಸಲಾಕೆ ಕಾಯಿಸಿ ಚುಚ್ಚಿದರೆ ಆಯ್ತು. ಬಯಲಲ್ಲಿ ಮಾಡಿ, ಹೊಗೆ ಕುಡೀಬೇಡಿ. ತೂತಿನ ಮೇಲೆ ಹೆಂಚಿನ ಚೂರು ಇಡಿ.

ಇನ್ನು ಮಣ್ಣು. ತವರಿನ ಹೊಲದಿಂದ ಎರಡು ಚೀಲ ಎರೆ ಮಣ್ಣು, ಅಂದ್ರೆ ಕಪ್ಪು ಮಣ್ಣು ತಂದಿದ್ದೆ, ಜೋಳ ಬೆಳೆಯೋ ಮಣ್ಣಲ್ವಾ ಅಂತ. ಹೊಲದಲ್ಲಿ ಬಂಗಾರ, ಬಕೇಟಲ್ಲಿ ತಲೆನೋವು. ಒಣಗಿದಾಗ ಮಣ್ಣು ಕುಗ್ಗಿ ಬಕೇಟಿನ ಗೋಡೆ ಬಿಟ್ಟು ಈಚೆ ಬರುತ್ತೆ, ಸುತ್ತಲೂ ಬೆರಳು ಹೋಗುವಷ್ಟು ಸಂದು. ನೀರು ಹಾಕಿದರೆ ಆ ಸಂದಿಯಲ್ಲೇ ಇಳಿದು ಕೆಳಗೆ ಹರೀತದೆ. ನೋಡೋಕೆ ನೀರುಂಡ ಹಾಗೆ, ನಡುವೆ ಬೇರಿನ ಹತ್ತಿರ ಬರೀ ಒಣ ಹೆಂಟೆ. ನೆನೆದರೆ ಮತ್ತೆ ಅಂಟು. ಈಗ ಎರಡು ಬುಟ್ಟಿ ಕೆಂಪು ಮಣ್ಣು, ಒಂದು ಬುಟ್ಟಿ ಹಳೆ ಸೆಗಣಿ ಗೊಬ್ಬರ, ಒಂದು ಬುಟ್ಟಿ ಸುಟ್ಟ ಭತ್ತದ ಹೊಟ್ಟು. ಅಕ್ಕಿ ಮಿಲ್ಲಿನ ಊರಲ್ಲಿ ಹೊಟ್ಟಿಗೇನು ಬರ? ಹಸಿ ಹೊಟ್ಟಿಗಿಂತ ಕಪ್ಪಗೆ ಸುಟ್ಟದ್ದು ಮೇಲು. ಬಕೇಟಿಗೆ ಒಂದು ಹಿಡಿ ಬೇವಿನ ಹಿಂಡಿ ಸೇರಿಸಿ. ಬಾಯಿವರೆಗೆ ತುಂಬಬೇಡಿ, ಮೂರು ಬೆರಳು ಬಿಡಿ.

ಬಕೇಟಿಗೆ ಒಂದು ಬದನೆ ಅಥವಾ ಒಂದು ಟೊಮೆಟೊ. ಮೆಣಸಿನಕಾಯಿ, ಬೆಂಡೆ ಎರಡೆರಡು. ಆಸೆಗೆ ಮೂರು ನೆಟ್ಟರೆ ಮೂರೂ ಬಡಕಲು.

ಮಳೆ ಹಿಡಿದಾಗ ಜೂನ್, ಜುಲೈನಲ್ಲಿ ಬದನೆ, ಬೆಂಡೆ, ಚವಳಿ (ಗೋರಿಕಾಯಿ), ಪುಂಡಿ ಸೊಪ್ಪು. ಸೆಪ್ಟೆಂಬರ್ ಕಳೆದ ಮೇಲೆ ಟೊಮೆಟೊ, ಮೆಂತ್ಯ, ಪಾಲಕ್. ಟೊಮೆಟೊವನ್ನು ಫೆಬ್ರವರಿಯಲ್ಲಿ ನೆಡಬೇಡಿ. ಬಿಸಿಲು 35 ಡಿಗ್ರಿ ದಾಟಿತು ಅಂದ್ರೆ ಹೂವು ಉದುರುತ್ತೆ, ಕಾಯಿ ಕಟ್ಟಲ್ಲ. ನಮ್ಮಲ್ಲಿ 40 ದಾಟೋದು ಹೊಸದೇನಲ್ಲ.

ಬೇಸಿಗೆಯ ಕಷ್ಟ ಇರೋದು ಪರಸಿಯಲ್ಲಿ. ಮೊದಲ ವರ್ಷ ನಮ್ಮತ್ತೆ ಬಾಗಿಲಲ್ಲಿ ನಿಂತು, "ಏನವ್ವಾ, ಪರಸಿ ಮ್ಯಾಲ ರೊಟ್ಟಿ ಬೇಯ್ತಾವ, ಗಿಡ ಉಳಿತಾವೇನು?" ಅಂದಿದ್ದರು. ಉಳಿಯಲಿಲ್ಲ. ಬಿಸಿಲು ಎಲೆಗೆ ಬೀಳುತ್ತೆ ಅಂತ ನಾನು ಮೇಲೆ ನೋಡ್ತಿದ್ದೆ, ಬೇರು ಕೆಳಗಿಂದ ಬೇಯ್ತಿತ್ತು. ಈಗ ಪ್ರತಿ ಬಕೇಟಿನ ಕೆಳಗೆ ಎರಡು ಇಟ್ಟಿಗೆ, ಗಾಳಿ ಆಡಬೇಕು. ಮಾರ್ಚ್‌ನಿಂದ ಬಕೇಟಿಗೆ ಗೋಣಿ ಚೀಲ ಸುತ್ತಿ, ಬೆಳಿಗ್ಗೆ ಗಿಡಕ್ಕೆ ನೀರು ಹಾಕುವಾಗ ಚೀಲಕ್ಕೂ ಒಂದು ಚೊಂಬು. ಮೇಲೆ ಹಸಿರು ನೆಟ್ ಕಟ್ಟಿ, ಇಲ್ಲದಿದ್ದರೆ ಹಳೆ ಕಾಟನ್ ಸೀರೆ. ಮಣ್ಣಿನ ಮೇಲೆ ಶೇಂಗಾ ಸಿಪ್ಪೆ ಹರಡಿ.

ನೀರು ಹಾಕೋ ಮುಂಚೆ ಬೆರಳು ಎರಡು ಗಿಣ್ಣಿನವರೆಗೆ ಮಣ್ಣಲ್ಲಿ ತೂರಿಸಿ. ತಂಪಿದ್ದರೆ ಸುಮ್ನೆ ಬಿಡಿ. ಬೇಸಿಗೆಯಲ್ಲಿ ದೊಡ್ಡ ಗಿಡಕ್ಕೆ ಬೆಳಿಗ್ಗೆ, ಸಂಜೆ ಎರಡೂ ಹೊತ್ತು ಬೇಕಾಗುತ್ತೆ. ತಂಗಿಯ ಮಗಳ ಮದುವೆಗೆ ಅಂತ ನಾಲ್ಕು ದಿನ ಸಿಂಧನೂರಿಗೆ ಹೋಗಿ ಬಂದು, ಪಾಪ ಅಂತ ಟೊಮೆಟೊಗೆ ಒಂದೇ ಸಲ ಕೊಡಗಟ್ಟಲೆ ಸುರಿದೆ. ಆಮೇಲೆ ಬಂದ ಕಾಯಿಗಳ ಕುಂಡಿ ಎಲ್ಲಾ ಕಪ್ಪು. ಅದು ರೋಗ ಅಲ್ಲ. ನೀರು ಏರುಪೇರಾದರೆ ಕಾಯಿಗೆ ಸುಣ್ಣದ ಅಂಶ ಸರಿಯಾಗಿ ತಲುಪಲ್ಲ, ಅಷ್ಟೇ.

ಬೋರಿನ ನೀರು ಸವಳಾಗಿದ್ದರೆ ಮಣ್ಣಿನ ಮೇಲೆ ಬಿಳಿ ಪುಡಿ ಕೂರುತ್ತೆ, ಎಲೆಯ ಅಂಚು ಸುಟ್ಟ ಹಾಗಾಗುತ್ತೆ. ಆ ಪುಡಿ ಕೆರೆದು ಎಸೆಯಿರಿ. ಹದಿನೈದು ದಿನಕ್ಕೊಮ್ಮೆ ನಳದ ನೀರನ್ನು ತಳದಿಂದ ಚೆನ್ನಾಗಿ ಹರಿದುಹೋಗುವಷ್ಟು ಹಾಕಿ, ಉಪ್ಪು ತೊಳೆದು ಹೋಗಲಿ. ಕುಡಿಯೋ ನೀರು ಶುದ್ಧ ಮಾಡೋ ಆರ್‌ಓ ಮಷೀನು ಬೇಡ ಅಂತ ಹೊರಚೆಲ್ಲುವ ನೀರು ಹಾಕಬೇಡಿ, ಅದರಲ್ಲಿ ಉಪ್ಪು ಇನ್ನೂ ಜಾಸ್ತಿ.

ಬದನೆಯ ಕುಡಿ ಒಂದೇ ಒಂದು ಜೋತುಬಿದ್ದಿದ್ದರೆ ಒಳಗೆ ಹುಳ ಇದೆ ಅಂತ ತಿಳಿಯಿರಿ. ಒಂದು ಗೇಣು ಕೆಳಗೆ ಚಿವುಟಿ ಮನೆಯಿಂದ ದೂರ ಹಾಕಿ. ಬೆಂಡೆಗೆ ಬಿಳಿ ಹಿಟ್ಟಿನಂಥ ಹುಳ ಅಂಟಿದರೆ ಲೀಟರ್ ನೀರಿಗೆ 5 ಎಂಎಲ್ ಬೇವಿನೆಣ್ಣೆ, ನಾಲ್ಕು ಹನಿ ಸೋಪು ಕಲಸಿ ಸಂಜೆ ಹೊತ್ತು ಹೊಡೆಯಿರಿ. ಬಿಸಿಲಲ್ಲಿ ಹೊಡೆದರೆ ಎಲೆ ಸುಡುತ್ತೆ.

ಪುಂಡಿಪಲ್ಯಕ್ಕೆ ಇದ್ಯಾವುದೂ ಬೇಡ. ಬುಡದಿಂದ ಗೇಣುದ್ದ ಬಿಟ್ಟು ಕೊಯ್ದರೆ ಪಕ್ಕದಲ್ಲಿ ಮತ್ತೆ ಚಿಗುರುತ್ತೆ. ಶುರು ಮಾಡೋರು ಅದರಿಂದಲೇ ಶುರು ಮಾಡಿ.

ಹಳೆ ಮಣ್ಣು ಎಸೆಯಬೇಡಿ. ಮೇ ತಿಂಗಳಲ್ಲಿ ಅದೇ ಪರಸಿ ಮೇಲೆ ತೆಳ್ಳಗೆ ಹರಡಿ, ಎಂಟು ದಿನ ಬಿಸಿಲಿಗೆ ಕಾಯಲಿ. ಬೇರು ಆರಿಸಿ, ಬಕೇಟಿಗೆ ಎರಡು ಬೊಗಸೆ ಗೊಬ್ಬರ ಬೆರೆಸಿ ತುಂಬಿಡಿ.