ಕಾಫಿ ಲಾಟ್ ಹುಡುಕಲು ಸುಡುತ್ತಿದ್ದ ಗ್ಯಾಸ್: ನಾನು ಸರಿಪಡಿಸಿದ ಬಗೆ

ಸೋಮವಾರಪೇಟೆ ಕಡೆಯ ಬೆಳೆಗಾರರ ಕಾಫಿ ಲಾಟ್ (ಒಟ್ಟಿಗೆ ಮಾರುವ ಮೂಟೆಗಳ ಗುಂಪು) ದಾಖಲಿಸುವ ಸಾಲಿಡಿಟಿ ಕಾಂಟ್ರ್ಯಾಕ್ಟ್, ಅಂದರೆ ಇಥೀರಿಯಂ ಬಗೆಯ ಬ್ಲಾಕ್‌ಚೈನಿನಲ್ಲಿ ಓಡುವ ಪ್ರೋಗ್ರಾಂ. ಅರೇಬಿಕಾ ಕೊಯ್ಲಿನ ಹೊತ್ತಿಗೆ ಸರಿಯಿತ್ತು. ರೋಬಸ್ಟಾ ಬಂದು ಲಾಟ್ ಸಾವಿರ ದಾಟಿದ್ದೇ, ಮಾರಾಟವಾದ ಒಂದು ಲಾಟನ್ನು ಪಟ್ಟಿಯಿಂದ ತೆಗೆಯಲು 20 ಲಕ್ಷಕ್ಕೂ ಮೀರಿ ಗ್ಯಾಸ್ (ಅಲ್ಲಿ ಪ್ರತಿ ಕೆಲಸದ ಖರ್ಚಿನ ಅಳತೆ). ನಾನಿಟ್ಟ ಮಿತಿ ಸಾಲದೆ ವಹಿವಾಟು ರದ್ದು.

ಲಾಟ್ ಸಂಖ್ಯೆಗಳು ಅರೇಯಲ್ಲಿದ್ದವು (ಸಾಲಾಗಿ ಜೋಡಿಸಿದ ಪಟ್ಟಿ), ಹುಡುಕಾಟ ಫಾರ್ ಲೂಪಿನಲ್ಲಿ, ಒಂದೊಂದನ್ನೇ ನೋಡುತ್ತಾ. ಸ್ಟೋರೇಜಿನ (ಕಾಂಟ್ರ್ಯಾಕ್ಟಿನ ಕಾಯಂ ಸಂಗ್ರಹ) ಒಂದು ಸ್ಲಾಟನ್ನು, ಅಂದರೆ ಖಾನೆಯನ್ನು, ಆ ವಹಿವಾಟಿನಲ್ಲಿ ಮೊದಲ ಸಲ ಓದಲು 2100 ಗ್ಯಾಸ್. ಸಾವಿರ ಸ್ಲಾಟಿಗೆ 21 ಲಕ್ಷ.

ಕಂಪೈಲರಿನ ಆಪ್ಟಿಮೈಸರ್ (ಕೋಡಿನ ಖರ್ಚು ಇಳಿಸುವ ಭಾಗ) ರನ್ಸ್ ಸೆಟ್ಟಿಂಗನ್ನು 200ರಿಂದ 10000ಕ್ಕೆ ಏರಿಸಿದೆ, ಉಪಯೋಗವಿಲ್ಲ. ಅರೇಯನ್ನು ಮೆಮೊರಿಗೆ (ತಾತ್ಕಾಲಿಕ ಜಾಗ) ನಕಲಿಸಿದೆ. ನಕಲಿಸಲೂ ಎಲ್ಲ ಸ್ಲಾಟ್ ಓದಲೇಬೇಕಲ್ಲ! ವಿಂಗಡಿಸಿಟ್ಟು ಬೈನರಿ ಸರ್ಚ್ (ಪ್ರತಿ ಸಲ ಅರ್ಧ ಪಟ್ಟಿ ಬಿಟ್ಟು ಹುಡುಕುವುದು) ಮಾಡಿದರೆ ಹುಡುಕಾಟ ಅಗ್ಗ, ಆದರೆ ನಡುವೆ ಹೊಸ ಲಾಟ್ ತೂರಿಸಲು ಉಳಿದವನ್ನೆಲ್ಲ ಸರಿಸಬೇಕು. ಅದು ಇನ್ನೂ ದುಬಾರಿ.

ಕೆಲಸ ಮಾಡಿದ್ದು: ಅರೇ ಜೊತೆಗೊಂದು ಮ್ಯಾಪಿಂಗ್ (ಕೀ ಕೊಟ್ಟರೆ ಅದರ ಮೌಲ್ಯವನ್ನು ನೇರ ಕೊಡುವ ಕೋಷ್ಟಕ), ಲಾಟ್ ಸಂಖ್ಯೆಯಿಂದ ಅರೇಯಲ್ಲಿ ಅದರ ಸ್ಥಾನಕ್ಕೆ. ಸ್ಥಾನವನ್ನು 1ರಿಂದ ಎಣಿಸಿ. ಮ್ಯಾಪಿಂಗಿನಲ್ಲಿ ಇಲ್ಲದ ಕೀಗೂ 0 ಬರುವುದರಿಂದ 0 ಎಂದರೆ 'ಇಲ್ಲ'.

ಅಳಿಸುವ ಕ್ರಮ ಇದೇ ಇರಲಿ: ಸ್ಥಾನ ಓದಿ, 0 ಆದರೆ ರಿವರ್ಟ್ (ವಹಿವಾಟು ರದ್ದು). ಅರೇಯ ಕೊನೆಯ ಲಾಟನ್ನು ಆ ಜಾಗಕ್ಕೆ ಬರೆಯಿರಿ (ಅರೇಯ ಎಣಿಕೆ 0ರಿಂದ, ಹಾಗಾಗಿ ಸ್ಥಾನದಿಂದ 1 ಕಳೆಯಬೇಕು). ಅದರ ಹೊಸ ಸ್ಥಾನವನ್ನು ಮ್ಯಾಪಿಂಗಿಗೆ ಹಾಕಿ. ಪಾಪ್, ಅಂದರೆ ಅರೇಯ ಕೊನೆಯದನ್ನು ತೆಗೆಯಿರಿ. ಕಟ್ಟಕಡೆಗೆ ತೆಗೆದ ಲಾಟಿನ ಮ್ಯಾಪಿಂಗ್ ಡಿಲೀಟ್. ನಾನು ಡಿಲೀಟನ್ನು ಮೊದಲಿಟ್ಟು ಒಂದು ಸಂಜೆ ಕಳೆದೆ: ಅಳಿಸುತ್ತಿರುವುದೇ ಕೊನೆಯ ಲಾಟ್ ಆಗಿದ್ದರೆ, ಮುಂದಿನ ಸಾಲು ಅದರ ಸ್ಥಾನವನ್ನು ಮತ್ತೆ ಬರೆದುಬಿಡುತ್ತದೆ. ಮಾರಿದ ಮೂಟೆ ಲೆಕ್ಕದಲ್ಲಿ ಹಾಗೇ ಉಳಿಯುತ್ತದೆ.

ಲಾಟ್‌ಗಳ ಅನುಕ್ರಮ ಕದಲುತ್ತದೆ. ಅದು ಬೇಕಿದ್ದರೆ ಈ ದಾರಿ ಬೇಡ.